ಶಾಸ್ತ್ರೀಯ ಗಾಯನ ಮತ್ತು ರಂಜನೆ: ದೇವಗಿರಿಯಿಂದ ನಾಸಿಕ್‌ವರೆಗೆ

ಶಾಸ್ತ್ರೀಯ ಗಾಯನ ಜನರನ್ನು ರಂಜಿಸಬಲ್ಲದೇ ಎಂಬ ಪ್ರಶ್ನೆ ಪಶ್ಚಿಮದಲ್ಲಿ ಆಪೆರಾದ ಬಗ್ಗೆ, ನಮ್ಮಲ್ಲಿ ಖಯಾಲ್ ಬೈಠಕ್ ಮತ್ತು ಸಂಗೀತ ಕಚೇರಿಗಳ ಬಗ್ಗೆ ಮತ್ತೆ ಮತ್ತೆ ಏಳುತ್ತದೆ. ಈ ಗಾಯನ ಬಲ್ಲವರಿಗೆ ಮಾತ್ರ, ಮಿಕ್ಕವರಿಗೆ ಬರೀ ಆಕಳಿಕೆ ಎನ್ನುವುದು ಒಂದು ಪಕ್ಷ. ಇದು ಸಾಧನೆಯ ವಿದ್ಯೆ, ಇದನ್ನು ಮನರಂಜನೆಯ ಮಟ್ಟಕ್ಕೆ ಇಳಿಸಬಾರದು ಎನ್ನುವುದು ಇನ್ನೊಂದು ಪಕ್ಷ. ಶಾಸ್ತ್ರ ಬೇರೆ, ರಂಜನೆ ಬೇರೆ ಎನ್ನುವ ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳಿಗೆ ಒಮ್ಮತವಿದೆ. ಪರೀಕ್ಷಿಸಬೇಕಾದದ್ದು ಈ ಒಮ್ಮತವನ್ನೇ.

ಈ ಪರೀಕ್ಷೆಗೆ ಮಹಾರಾಷ್ಟ್ರದ ಎರಡು ಊರುಗಳ ಚರಿತ್ರೆ ತಕ್ಕ ಸಾಮಗ್ರಿ ಒದಗಿಸುತ್ತದೆ. ಒಂದು ಛತ್ರಪತಿ ಸಂಭಾಜಿನಗರ, ಅಂದರೆ ಹಿಂದಿನ ಔರಂಗಾಬಾದ್. ಅದರ ಪಕ್ಕದ ದೇವಗಿರಿಯಲ್ಲಿ 13ನೇ ಶತಮಾನದಲ್ಲಿ ಭಾರತೀಯ ಸಂಗೀತದ ಮಹಾಗ್ರಂಥವೊಂದು ಹುಟ್ಟಿತು. ಇನ್ನೊಂದು ನಾಸಿಕ್. 20ನೇ ಶತಮಾನದಲ್ಲಿ ಶಾಸ್ತ್ರೀಯ ಗಾಯನ ರಂಗಭೂಮಿಗೂ ಸಾರ್ವಜನಿಕ ಸಭೆಗೂ ಬಂದ ಕಥೆಯ ಮುಖ್ಯ ಎಳೆಗಳು ಈ ಊರಿನ ಮೂಲಕ ಹಾದುಹೋಗುತ್ತವೆ. ಎರಡೂ ಕಥೆಗಳಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು.

ಶಾರ್ಙ್ಗದೇವನ ನಿರ್ಣಯ

ಎಲ್ಲೋರದ ಕೈಲಾಸ ದೇಗುಲವನ್ನು ಕೊರೆಸಿದವನು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ. ನಾಲ್ಕು ಶತಮಾನಗಳ ನಂತರ ಅದೇ ಸೀಮೆಯನ್ನು ದೇವಗಿರಿಯಿಂದ ಆಳಿದವರು ಸೇವುಣರು. ಈ ಯಾದವ ಅರಸರ ಶಾಸನಗಳಲ್ಲಿ ಕನ್ನಡದವು ಬಹಳ. ಇವರಲ್ಲಿ ಪ್ರಬಲನಾದ ಸಿಂಘಣನ ಆಳ್ವಿಕೆ 1247ರ ವರೆಗೆ ನಡೆಯಿತು. ಅವನ ಆಸ್ಥಾನದಲ್ಲಿ ಕರಣಿಕರ ಮುಖ್ಯಸ್ಥನಾಗಿದ್ದವನು ಶಾರ್ಙ್ಗದೇವ. ಅವನ ಅಜ್ಜ ಭಾಸ್ಕರ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ತಂದೆ ಸೋಢಲ ದೇವಗಿರಿಯ ಅರಸರ ಸೇವೆಯಲ್ಲಿದ್ದವನು. ಹಗಲು ರಾಜ್ಯದ ಲೆಕ್ಕ ನೋಡುತ್ತಿದ್ದ ಈ ವಿದ್ವಾಂಸ ಬರೆದ ಗ್ರಂಥವೇ ‘ಸಂಗೀತ ರತ್ನಾಕರ’. ಸ್ವರ, ರಾಗ, ಪ್ರಕೀರ್ಣಕ, ಪ್ರಬಂಧ, ತಾಳ, ವಾದ್ಯ, ನರ್ತನ ಎಂಬ ಏಳು ಅಧ್ಯಾಯಗಳ ಈ ಕೃತಿಯನ್ನು ಹಿಂದೂಸ್ತಾನಿ, ಕರ್ನಾಟಕ ಎಂಬ ಎರಡೂ ಪದ್ಧತಿಗಳು ತಮ್ಮ ಪೂರ್ವಿಕರ ಆಸ್ತಿಯೆಂದು ಗೌರವಿಸುತ್ತವೆ. 15ನೇ ಶತಮಾನದಲ್ಲಿ ಇದಕ್ಕೆ ‘ಕಲಾನಿಧಿ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು.

ರಂಜನೆಯ ಪ್ರಶ್ನೆಗೆ ಈ ಗ್ರಂಥ ಕೊಡುವ ಉತ್ತರ ನೇರವಾಗಿದೆ. ಕೇಳುವವರ ಚಿತ್ತವನ್ನು ತನ್ನಷ್ಟಕ್ಕೇ ರಂಜಿಸುವ ನಾದ ಸ್ವರ; ರಂಜಿಸುವಂತೆ ಹೊಂದಿಸಿದ ಸ್ವರಗಳ ಕೂಟ ಗೀತ. ಆಯಾ ಸೀಮೆಯ ಜನರ ರುಚಿಗೆ ತಕ್ಕಂತೆ ಅವರ ಹೃದಯವನ್ನು ರಂಜಿಸುವುದು ದೇಶೀ ಸಂಗೀತ. ಹೀಗೆ ಮೂರು ಮೂಲ ಲಕ್ಷಣಗಳಲ್ಲೂ ರಂಜನೆ ಸೇರಿದೆ. ಅದನ್ನು ತೆಗೆದರೆ ಉಳಿಯುವುದನ್ನು ಶಾರ್ಙ್ಗದೇವನ ಪ್ರಕಾರ ಗೀತವೆಂದು ಕರೆಯಲು ಬರುವುದಿಲ್ಲ.

ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ. ಕೊರತೆಯಿಲ್ಲದೆ ಕಲಿಸಬಲ್ಲವನು ಶಿಕ್ಷಾಕಾರ. ಇನ್ನೊಬ್ಬರ ಶೈಲಿಯನ್ನು ಅನುಸರಿಸಿ ಹಾಡುವವನು ಅನುಕಾರ. ಹಾಡುವಾಗ ತಾನೇ ರಸದಲ್ಲಿ ಮುಳುಗುವವನು ರಸಿಕ. ಕೇಳುವವರಿಗೆ ಸಂತೋಷ ಕೊಡುವವನು ರಂಜಕ. ಗೀತಕ್ಕೆ ಇಲ್ಲದ ಸೊಗಸನ್ನು ತಂದು ತುಂಬುವವನು ಭಾವಕ. ಗುರುವಾಗಿ ಹೆಸರಾದ ಪಂಡಿತನ ಜೊತೆಗೇ, ಅದೇ ಪಂಕ್ತಿಯಲ್ಲಿ, ಸಭೆಯನ್ನು ಸಂತೋಷಪಡಿಸುವವನಿಗೂ ಮಣೆ ಹಾಕಲಾಗಿದೆ.

ಗಾಯಕನ ಇಪ್ಪತ್ತೈದು ದೋಷಗಳ ಪಟ್ಟಿಯಂತೂ ಇನ್ನೂ ಬೆಳಕು ಕೊಡುತ್ತದೆ. ಅಪಸ್ವರ, ಅಸ್ಪಷ್ಟ ಉಚ್ಚಾರ, ಮೂಗಿನಿಂದ ಹಾಡುವುದು, ಕಾಗೆಯಂಥ ಕಂಠ, ರಸವಿಲ್ಲದೆ ಹಾಡುವುದು ಇಂಥ ಕಿವಿಗೆ ಸಂಬಂಧಪಟ್ಟ ದೋಷಗಳು ಅದರಲ್ಲಿವೆ. ಅವುಗಳ ಜೊತೆಗೆ ಕಣ್ಣಿಗೆ ಬೀಳುವ ದೋಷಗಳೂ ಸಾಲಾಗಿ ಬರುತ್ತವೆ. ಹಲ್ಲು ಕಚ್ಚಿಕೊಂಡು ಹಾಡುವವನು, ಬಾಯಿಯನ್ನು ಭಯಂಕರವಾಗಿ ತೆರೆಯುವವನು, ಒಂಟೆಯಂತೆ ಕತ್ತೆತ್ತುವವನು, ಕತ್ತು ಸೊಟ್ಟ ಮಾಡುವವನು, ಮುಖದ ನರ ಉಬ್ಬಿಸುವವನು, ಕೆನ್ನೆಯನ್ನು ಸೋರೆಬುರುಡೆಯಂತೆ ಊದಿಸುವವನು, ಕೈಕಾಲು ಚಾಚುವವನು, ಅಂಜುತ್ತ ಹಾಡುವವನು ಎಲ್ಲರೂ ಇಲ್ಲಿದ್ದಾರೆ. ಕಣ್ಣು ಮುಚ್ಚಿ ಹಾಡುವುದನ್ನೂ ದೋಷವೆಂದೇ ಎಣಿಸಲಾಗಿದೆ. ಅಂಥವನಿಗೆ ವಿನಿಮೀಲಕ ಎಂಬ ಹೆಸರೂ ಇದೆ. ಹಾಡುವವನು ತನ್ನೊಳಗೆ ಮುಚ್ಚಿಕೊಂಡು ಸಭೆಯನ್ನು ಮರೆತರೆ ಅದು ಶಾಸ್ತ್ರದ ದೃಷ್ಟಿಯಲ್ಲೇ ತಪ್ಪು. ಗಾಯನವನ್ನು ಜನ ಕಣ್ಣಿನಿಂದಲೂ ಕೇಳುತ್ತಾರೆ ಎಂಬ ಅರಿವು ಈ ಪಟ್ಟಿಯ ಹಿಂದಿದೆ.

ಅದೇ ಅಧ್ಯಾಯದಲ್ಲಿ ಒಬ್ಬರೇ ಹಾಡುವವರು, ಜೋಡಿಯಾಗಿ ಹಾಡುವವರು, ವೃಂದದಲ್ಲಿ ಹಾಡುವವರು ಎಂಬ ಇನ್ನೊಂದು ವಿಂಗಡಣೆಯಿದೆ. ಉತ್ತಮ ವೃಂದದಲ್ಲಿ ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಸಹಗಾಯಕರು, 12 ಮಂದಿ ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು ಇರಬೇಕು. ಒಟ್ಟು 32 ಜನ. ಆಪೆರಾದ ಮೇಳಗಾಯನವನ್ನೂ ವಾದ್ಯವೃಂದವನ್ನೂ ಹೊಸ ಸೋಜಿಗದಂತೆ ನೋಡುವವರು ಈ ಲೆಕ್ಕವನ್ನು ಗಮನಿಸಬೇಕು. ಸಂಭಾಜಿನಗರದ ಮಹಾಗಾಮಿ ಗುರುಕುಲ ಈ ಗ್ರಂಥಕಾರನ ಹೆಸರಿನಲ್ಲಿ ಶಾರ್ಙ್ಗದೇವ ಸಮಾರೋಹ ನಡೆಸುತ್ತ ಬಂದಿರುವುದು ಯೋಗ್ಯವಾದ ಸ್ಮರಣೆ.

ಕೇಳುವ ಸುಖ ಹುಟ್ಟುವ ಬಗೆ

ರಂಜನೆ ಲಕ್ಷಣದಲ್ಲೇ ಇದೆ ಎಂದ ಮೇಲೆ, ಅದು ಹಾಡಿನಲ್ಲಿ ಹೇಗೆ ಹುಟ್ಟುತ್ತದೆ ಎಂಬುದು ಮುಂದಿನ ಪ್ರಶ್ನೆ. ಇಂದಿನ ಖಯಾಲ್ ಗಾಯನವನ್ನೇ ತೆಗೆದುಕೊಳ್ಳಬಹುದು. ಒಂದು ಬಡಾ ಖಯಾಲಿನ ಸಾಹಿತ್ಯ ಎರಡು ಮೂರು ಸಾಲು ಮಾತ್ರ. ಅದರ ಮೊದಲ ತುಣುಕಿಗೆ ಮುಖಡಾ ಎಂದು ಹೆಸರು. ತಬಲಾದವರು ವಿಲಂಬಿತ ಏಕತಾಳದ 12 ಮಾತ್ರೆಗಳನ್ನು ಸುತ್ತಿ ಸುತ್ತಿ ನುಡಿಸುತ್ತಾರೆ. ಆವರ್ತನದ ಮೊದಲ ಮಾತ್ರೆಯೇ ಸಮ್. ಗಾಯಕ ನಡುವಿನ ಮಾತ್ರೆಗಳಲ್ಲಿ ರಾಗವನ್ನು ಎಲ್ಲಿ ಬೇಕಾದರೂ ಸುತ್ತಾಡಿಸಬಹುದು. ಆದರೆ ಮುಖಡಾ ಹಿಡಿದು ಸಮ್‌ಗೆ ಸರಿಯಾಗಿ ಬಂದು ಸೇರಲೇಬೇಕು.

ಮೊದಲ ಎರಡು ಮೂರು ಆವರ್ತನಗಳಲ್ಲಿ ಹೊಸ ಕೇಳುಗನಿಗೂ ಮುಖಡಾ ಕಿವಿಗೆ ಕೂತಿರುತ್ತದೆ. ಆಮೇಲೆ ಅವನು ತನಗೆ ಗೊತ್ತಿಲ್ಲದೆಯೇ ಅದರ ದಾರಿ ಕಾಯತೊಡಗುತ್ತಾನೆ. ಗಾಯಕ ಕೊನೆಯ ಮಾತ್ರೆಯ ವರೆಗೂ ತಾನ್, ಅಂದರೆ ವೇಗದ ಸ್ವರಸರಣಿ, ಬಿಡದೆ, ಇನ್ನೇನು ತಪ್ಪಿತು ಎನ್ನುವಾಗ ಮುಖಡಾ ಎತ್ತಿಕೊಂಡು ಸಮ್‌ಗೆ ಇಳಿದರೆ ಸಭೆಯ ತಲೆಗಳೆಲ್ಲ ಒಟ್ಟಿಗೇ ತೂಗುತ್ತವೆ. ‘ವಾಹ್’ ಹೊರಡುವುದು ಆ ಕ್ಷಣದಲ್ಲಿ. ಒಳ್ಳೆಯ ಕಥೆಯಲ್ಲಿ ಮುಂದೇನಾಗುವುದೋ ಎಂಬ ಕುತೂಹಲ ಮಾಡುವ ಕೆಲಸವನ್ನು ಇಲ್ಲಿ ತಾಳದ ಆವರ್ತನ ಮಾಡುತ್ತದೆ.

ರಾಗದ ವಿಸ್ತಾರದಲ್ಲೂ ಇದೇ ಕ್ರಮವಿದೆ. ಗಾಯಕ ಮಂದ್ರದಿಂದ ಹೊರಟು ಒಂದೊಂದೇ ಸ್ವರವನ್ನು ತೆರೆಯುತ್ತ ಹೋಗುತ್ತಾನೆ. ತಾರ ಷಡ್ಜದ ಸುತ್ತ ಸುಳಿದಾಡಿಯೂ ಅದನ್ನು ಮುಟ್ಟದೆ ಹಿಂದೆ ಬರುತ್ತಾನೆ, ನಿಷಾದದಲ್ಲಿ ತಂಗುತ್ತಾನೆ, ಕೊನೆಗೊಮ್ಮೆ ಷಡ್ಜಕ್ಕೆ ಏರಿ ನಿಲ್ಲುತ್ತಾನೆ. ಆ ನಿಲುಗಡೆಯ ಸುಖಕ್ಕೆ ಅದರ ಹಿಂದಿನ ತಡವೇ ಕಾರಣ. ಯಮನ್ ಯಾವುದು, ಬಿಹಾಗ್ ಯಾವುದು ಎಂದು ಗುರುತಿಸಲಾಗದವನಿಗೂ ಈ ಸುಖ ದಕ್ಕುತ್ತದೆ. ಗುರುತಿಸಬಲ್ಲವನಿಗೆ ಹೆಚ್ಚಿನ ಸುಖ ಉಂಟು, ನಿಜ. ಆದರೆ ಬಾಗಿಲು ಎಲ್ಲರಿಗೂ ತೆರೆದೇ ಇದೆ.

ಹಾಗಿದ್ದರೆ ಬೇಸರ ಎಲ್ಲಿಂದ ಬರುತ್ತದೆ? ಮುಖಡಾ ಸ್ಪಷ್ಟವಾಗಿ ಮೂಡದಿದ್ದರೆ ಕಾಯಲು ಏನೂ ಇರುವುದಿಲ್ಲ. ಲಯ ಅತಿ ನಿಧಾನವಾಗಿ ಆವರ್ತನದ ತುದಿ ಮನಸ್ಸಿಗೆ ನಿಲುಕದಿದ್ದರೆ ಸಮ್‌ನ ಸುಖ ಕಳೆದುಹೋಗುತ್ತದೆ. ಒಂದೇ ಬಗೆಯ ತಾನ್‌ಗಳು ಸಾಲುಗಟ್ಟಿದರೆ ಕೌಶಲ ಕಂಡೀತು, ಹಿಗ್ಗು ಹುಟ್ಟದು. ಇವೆಲ್ಲ ಗಾಯಕನ ಕೈಯಲ್ಲಿರುವ ಸಂಗತಿಗಳು. ದೇವಗಿರಿಯ ಗ್ರಂಥ ದೋಷಗಳ ಪಟ್ಟಿಯನ್ನು ಗಾಯಕನ ಎದುರಿಗೆ ಇಟ್ಟದ್ದರ ನ್ಯಾಯ ಇಲ್ಲಿ ಅರ್ಥವಾಗುತ್ತದೆ.

ಪೈಠಣದ ಕೀರ್ತನ, ಖುಲ್ದಾಬಾದಿನ ಸಮಾ

ಸಂಭಾಜಿನಗರದ ಸೀಮೆಯಲ್ಲಿ ಈ ಪ್ರಶ್ನೆಯನ್ನು ಭಕ್ತರೂ ಎದುರಿಸಿದರು. ಗೋದಾವರಿ ತೀರದ ಪೈಠಣದಲ್ಲಿ 16ನೇ ಶತಮಾನದಲ್ಲಿ ಬಾಳಿದ ಸಂತ ಏಕನಾಥರು ದೇವಗಿರಿ ಕೋಟೆಯ ಜನಾರ್ದನಸ್ವಾಮಿಗಳ ಶಿಷ್ಯರು. ಅವರ ಭಾರೂಡ ಎಂಬ ರೂಪಕ ಗೀತೆಗಳಲ್ಲಿ ಬೀದಿಯ ವೇಷಗಳೇ ಹಾಡುತ್ತವೆ: ಜೋಗತಿ, ವಾಘ್ಯಾ, ಗೊಂದಳಿಗ ಮುಂತಾದವರ ಬಾಯಲ್ಲಿ ವೇದಾಂತ ಬರುತ್ತದೆ. ನಗುತ್ತ ಕೂತ ಜನರಿಗೆ ತತ್ತ್ವ ಮುಟ್ಟಿಸಬಹುದೆಂಬುದು ಅವರ ನಂಬಿಕೆ. ಮಹಾರಾಷ್ಟ್ರದ ನಾರದೀಯ ಕೀರ್ತನವೂ ಇದೇ ಹಾದಿಯದು. ಪೂರ್ವರಂಗದಲ್ಲಿ ನಿರೂಪಣೆ, ಉತ್ತರರಂಗದಲ್ಲಿ ಆಖ್ಯಾನ. ನಡುನಡುವೆ ರಾಗದಲ್ಲಿ ಹಾಡು, ಸಾಕಿ, ದಿಂಡಿಗಳಂಥ ಧಾಟಿಗಳು. ಹಾಡು ಕಥೆಗೆ ಬಲ ಕೊಡುತ್ತದೆ. ಕಥೆ ಹಾಡಿಗೆ ಅರ್ಥ ಕೊಡುತ್ತದೆ.

ಎಲ್ಲೋರದ ಸಮೀಪದ ಖುಲ್ದಾಬಾದಿನಲ್ಲಿ 14ನೇ ಶತಮಾನದಲ್ಲಿ ನೆಲೆಸಿದ ಚಿಸ್ತಿ ಸಂತ ಬುರ್ಹಾನುದ್ದೀನ್ ಗರೀಬರು ಸಮಾ, ಅಂದರೆ ಸಂಗೀತ ಶ್ರವಣದ ಗೋಷ್ಠಿಗೆ ಹೆಸರಾದವರು. ಕಲಬುರಗಿಯ ಖ್ವಾಜಾ ಬಂದೇನವಾಜರ ಬಾಲ್ಯ ಕಳೆದದ್ದು ಇದೇ ದೌಲತಾಬಾದಿನ, ಅಂದರೆ ಹಿಂದಿನ ದೇವಗಿರಿಯ, ಪರಿಸರದಲ್ಲಿ. ಅವರ ತಂದೆಯ ಸಮಾಧಿ ಖುಲ್ದಾಬಾದಿನಲ್ಲಿದೆ. ಸಂಗೀತದ ಸುಖ ಸಲ್ಲುತ್ತದೆಯೇ ಎಂಬ ಚರ್ಚೆಯಲ್ಲಿ ಸೂಫಿಗಳು ಕಾಲ, ಸ್ಥಳ, ಸಹವಾಸ ಎಂಬ ಮೂರು ಷರತ್ತುಗಳನ್ನು ಹೇಳುತ್ತ ಬಂದರು. ಸುಖವನ್ನು ನಿಷೇಧಿಸುವ ಬದಲು ಅದು ಫಲಿಸುವ ಸಂದರ್ಭವನ್ನು ಅವರು ವಿಚಾರಿಸಿದರು. ರಂಗಭೂಮಿಯ ಕಥೆಯಲ್ಲೂ ಇವೇ ಷರತ್ತುಗಳು ಬೇರೆ ರೂಪದಲ್ಲಿ ಕಾಣುತ್ತವೆ.

ಕರ್ಕಿಯಿಂದ ಪುಣೆಗೆ: ಸಂಗೀತ ನಾಟಕದ ಹುಟ್ಟು

ಭಾರತದಲ್ಲಿ ಆಪೆರಾಕ್ಕೆ ಅತಿ ಹತ್ತಿರದ ರೂಪ ಯಾವುದೆಂದರೆ ಮರಾಠಿ ಸಂಗೀತ ನಾಟಕ. ಅದರ ಬೇರುಗಳು ಕನ್ನಡ ನೆಲದಲ್ಲಿವೆ. ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳ 1842ರ ಸುಮಾರಿಗೆ ಸಾಂಗಲಿ ಸಂಸ್ಥಾನದಲ್ಲಿ ಆಟ ಆಡಿತು. ಅದನ್ನು ಕಂಡ ಅಲ್ಲಿನ ಅರಸರ ಇಚ್ಛೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಬಲವಂತ ಪಾಂಡುರಂಗ ಕಿರ್ಲೋಸ್ಕರ್ ಹುಟ್ಟಿದರು. ಅಣ್ಣಾಸಾಹೇಬ ಕಿರ್ಲೋಸ್ಕರ್ ಎಂದು ಹೆಸರಾದ ಅವರ ‘ಸಂಗೀತ ಶಾಕುಂತಲ’ದ ಮೊದಲ ಪ್ರಯೋಗ 1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ನಡೆಯಿತು. 1882ರಲ್ಲಿ ‘ಸಂಗೀತ ಸೌಭದ್ರ’ ಬಂತು.

ಭಾವೆಯವರ ಆಟದಲ್ಲಿ ಸೂತ್ರಧಾರ ಹಾಡುತ್ತಿದ್ದ, ಪಾತ್ರಗಳು ಅಭಿನಯಿಸುತ್ತಿದ್ದವು. ಕಿರ್ಲೋಸ್ಕರರಲ್ಲಿ ಪಾತ್ರಗಳೇ ಹಾಡಿದವು. ಶಕುಂತಲೆಯ ಅಳಲು ಅವಳ ಕಂಠದಿಂದಲೇ ಬಂದಾಗ ಹಾಡು ಕೇಳುವವನಿಗೂ ನಾಟಕ ನೋಡುವವನಿಗೂ ಭೇದ ಉಳಿಯಲಿಲ್ಲ. ಕೀರ್ತನದ ಸಾಕಿ, ದಿಂಡಿಗಳು, ಕನ್ನಡ ಸೀಮೆಯಲ್ಲಿ ಚಾಲ್ತಿಯಲ್ಲಿದ್ದ ಮಟ್ಟುಗಳು, ಹಿಂದೂಸ್ತಾನಿ ರಾಗಗಳು ಎಲ್ಲ ಈ ನಾಟಕಗಳಲ್ಲಿ ಬೆರೆತವು.

ಯೂರೋಪಿನ ಆಪೆರಾದ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯ ಸ್ಪಷ್ಟವಾಗುತ್ತದೆ. ಮಾಂಟೆವರ್ಡಿಯ ‘ಓರ್ಫಿಯೋ’ 1607ರಲ್ಲಿ ಮಾಂಟುವಾದ ಅರಮನೆಯಲ್ಲಿ ಆಯಿತು. 1637ರಲ್ಲಿ ವೆನಿಸ್ಸಿನ ಸಾನ್ ಕಸಿಯಾನೋ ರಂಗಮಂದಿರ ಟಿಕೆಟ್ ಕೊಂಡವರಿಗೆಲ್ಲ ಬಾಗಿಲು ತೆರೆಯಿತು. ಅಂದಿನಿಂದ ಆಪೆರಾ ಊರಿನ ಮನರಂಜನೆಯಾಯಿತು. ನಮ್ಮಲ್ಲೂ ಟಿಕೆಟ್ ಕೊಂಡು ಬಂದ ವಕೀಲ, ವರ್ತಕ, ಗುಮಾಸ್ತ, ವಿದ್ಯಾರ್ಥಿಗಳೇ ಸಂಗೀತ ನಾಟಕವನ್ನು ಸಾಕಿದರು. 1911ರಲ್ಲಿ ಆರಂಭಗೊಂಡ ಮುಂಬಯಿಯ ರಾಯಲ್ ಆಪೆರಾ ಹೌಸ್‌ನಲ್ಲೂ ಗಾಯಕನಟ ಬಾಲಗಂಧರ್ವರ ನಾಟಕಗಳು ನಡೆದವು.

ಮುಂದಿನ ಹಂತದಲ್ಲಿ ರಾಗಸಂಗೀತ ಇನ್ನೂ ಗಾಢವಾಗಿ ರಂಗಕ್ಕೆ ಬಂತು. ನಾಟಕಕಾರ ಖಾಡಿಲ್ಕರರ ‘ಮಾನಾಪಮಾನ’ಕ್ಕೆ 1911ರಲ್ಲಿ ಗೋವಿಂದರಾವ್ ಟೇಂಬೆ ಸಂಗೀತ ಕೊಟ್ಟರು. 1916ರ ಅವರ ‘ಸ್ವಯಂವರ’ಕ್ಕೆ ಸಂಗೀತ ಕೊಟ್ಟವರು ಒಂದು ಕಾಲಕ್ಕೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದ ಭಾಸ್ಕರಬುವಾ ಬಖಲೆ. ಖಯಾಲಿನ ಚೀಜುಗಳ, ಅಂದರೆ ಗೀತರಚನೆಗಳ, ಮಟ್ಟಿಗೆ ಮರಾಠಿ ಪದಗಳು ಕೂತವು. ಬಾಲಗಂಧರ್ವರ ಬಾಯಲ್ಲಿ ಯಮನ್, ಭೀಮಪಲಾಸಿ, ಬಿಹಾಗ್‌ಗಳು ‘ಸ್ವಯಂವರ’ದ ನಾಯಕಿ ರುಕ್ಮಿಣಿಯ ಮನಸ್ಸಿನ ಭಾವಗಳಾದವು. ಅಹ್ಮದ್‌ಜಾನ್ ಥಿರಕ್ವಾರಂಥ ಮಹಾನ್ ತಬಲಾವಾದಕರು ಅವರ ಗಂಧರ್ವ ನಾಟಕ ಮಂಡಳಿಯಲ್ಲಿ ಸಾಥ್ ಕೊಟ್ಟರು. ರಾಗದ ಹೆಸರು ತಿಳಿಯದ ಸಾವಿರಾರು ಮಂದಿ ರಾಗವನ್ನು ಮನೆಗೆ ಗುನುಗುತ್ತ ಒಯ್ದರು.

ಕನ್ನಡ ನಾಡಿನ ಗಾಯಕರಿಗೂ ಈ ರಂಗಭೂಮಿ ಪಾಠಶಾಲೆಯಾಗಿತ್ತು. ಕೇಶವರಾವ್ ಭೋಸಲೆ ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿದರು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದರು. ಗದುಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತಲೇ ನಾಟಕ ಕಂಪನಿಯನ್ನೂ ನಡೆಸಿದರು. ರಂಗದ ಮೇಲೆ ಪಳಗಿದ ಕಂಠಗಳೇ ಮುಂದೆ ಬೈಠಕ್‌ಗಳಲ್ಲಿ ಬೆಳಗಿದವು.

ನಾಸಿಕ್‌ನ ವಿಜಯಾನಂದ ನಾಟಕಗೃಹ

ಸಂಗೀತ ನಾಟಕ ಆ ಕಾಲದ ಊರಿನ ಬದುಕಿನಲ್ಲಿ ಎಷ್ಟು ನಡುವೆ ಇತ್ತೆಂಬುದಕ್ಕೆ ನಾಸಿಕ್‌ನ ಒಂದು ಘಟನೆ ಸಾಕ್ಷಿ. ಜಿಲ್ಲಾ ಕಲೆಕ್ಟರ್ ಎ.ಎಂ.ಟಿ. ಜಾಕ್ಸನ್‌ಗೆ ಮುಂಬಯಿಗೆ ವರ್ಗವಾದಾಗ ಊರಿನವರು ಬೀಳ್ಕೊಡುಗೆಗೆ ಆರಿಸಿದ್ದು ನಾಟಕವನ್ನು. 1909ರ ಡಿಸೆಂಬರ್ 21ರ ರಾತ್ರಿ ವಿಜಯಾನಂದ ನಾಟಕಗೃಹದಲ್ಲಿ ಕಿರ್ಲೋಸ್ಕರ್ ಮಂಡಳಿಯ ‘ಸಂಗೀತ ಶಾರದಾ’ ಇತ್ತು. ನಾಟಕಕ್ಕೆ ಬಂದ ಜಾಕ್ಸನ್‌ನನ್ನು ಔರಂಗಾಬಾದಿನಲ್ಲಿ ಓದುತ್ತಿದ್ದ ಅನಂತ ಕಾನ್ಹೇರೆ ಎಂಬ ತರುಣ ಕ್ರಾಂತಿಕಾರಿ ಅಲ್ಲೇ ಗುಂಡಿಟ್ಟು ಕೊಂದನು. ಕಾನ್ಹೇರೆಗೆ 1910ರ ಏಪ್ರಿಲ್‌ನಲ್ಲಿ ಠಾಣೆಯಲ್ಲಿ ಗಲ್ಲಾಯಿತು. ಸ್ವಾತಂತ್ರ್ಯ ಹೋರಾಟದ ಈ ಅಧ್ಯಾಯ ಪ್ರಸಿದ್ಧವಾದದ್ದು. ಸಂಗೀತದ ಚರಿತ್ರೆಗೆ ಅದರಿಂದ ಸಿಗುವ ಸಂಗತಿ ಬೇರೆ: ಅಧಿಕಾರಿ, ಗಣ್ಯ, ವಿದ್ಯಾರ್ಥಿ, ಸಾಮಾನ್ಯ ಎಲ್ಲರೂ ಒಂದೇ ಸೂರಿನಡಿ ಸೇರುವ ಜಾಗವೆಂದರೆ ಆಗ ಸಂಗೀತ ನಾಟಕದ ಮಂದಿರವೇ ಆಗಿತ್ತು.

ಗೋವಿಂದ ಬಲ್ಲಾಳ ದೇವಲರ ‘ಶಾರದಾ’ 1899ರಲ್ಲಿ ಮೊದಲು ರಂಗಕ್ಕೆ ಬಂದದ್ದು. ಎಳೆಯ ಹುಡುಗಿಯನ್ನು ಹಣದಾಸೆಗೆ ಮುದುಕನಿಗೆ ಕೊಡುವ ಅನ್ಯಾಯ ಅದರ ವಸ್ತು. ಪುರಾಣದ ರಾಣಿಯರು ಹಾಡುತ್ತಿದ್ದ ರಂಗದ ಮೇಲೆ ನೆರೆಮನೆಯ ಹುಡುಗಿ ಹಾಡಿದಳು. ರಾಗದಲ್ಲಿ ಬಂದ ಅವಳ ಮಾತು ಜನರನ್ನು ಕಲಕಿತು. ರಂಜನೆಯೆಂದರೆ ನಗಿಸುವುದಷ್ಟೇ ಎಂದು ತಿಳಿಯುವವರಿಗೆ ಈ ನಾಟಕ ಒಳ್ಳೆಯ ಉತ್ತರ. ಜನ ದುಡ್ಡು ಕೊಟ್ಟು ಅಳಲಿಕ್ಕೂ ಬರುತ್ತಾರೆ. ಅತ್ತು ಹಗುರಾಗಿ ಹೋಗುತ್ತಾರೆ.

ಈ ಯಶಸ್ಸಿಗೆ ಒಂದು ಬೆಲೆಯೂ ಇತ್ತು. ಮೆಚ್ಚಿನ ಪದ ಮುಗಿಯುತ್ತಲೇ ‘ವನ್ಸ್ ಮೋರ್’ ಕೂಗು ಏಳುತ್ತಿತ್ತು. ಅದಕ್ಕೆ ಮಣಿದು ನಟ ಅದೇ ಪದವನ್ನು ಮತ್ತೆ ಮತ್ತೆ ಬೆಳೆಸಿ ಹಾಡುತ್ತಿದ್ದ. ನಾಟಕ ರಾತ್ರಿಯಿಡೀ ನಡೆಯುತ್ತಿತ್ತು. ಕಥೆ ನಿಂತಲ್ಲೇ ನಿಂತು, ಎದುರು ಪಾತ್ರ ಸುಮ್ಮನೆ ಕಾಯುತ್ತಿತ್ತು. ಹಾಡಿಗೆ ಅರ್ಥ ಕೊಟ್ಟಿದ್ದ ಸನ್ನಿವೇಶವನ್ನು ಹಾಡೇ ನುಂಗಿತು. 1931ರಲ್ಲಿ ‘ಆಲಂ ಆರಾ’ದೊಂದಿಗೆ ಮಾತನಾಡುವ ಸಿನಿಮಾ ಬಂದಾಗ ಕಡಿಮೆ ಹೊತ್ತಿನಲ್ಲಿ ಕಥೆಯನ್ನೂ ಹಾಡನ್ನೂ ಕೊಡುವ ಆ ಹೊಸ ಮಾಧ್ಯಮದ ಎದುರು ದೊಡ್ಡ ಮಂಡಳಿಗಳು ಸೋತವು. ಅಳತೆ ಮೀರಿದ ರಂಜನೆ ರಂಜನೆಯ ಬುಡಕ್ಕೇ ಪೆಟ್ಟು ಹಾಕಿತು.

ಪಲುಸ್ಕರ್ ತಂದೆ, ಮಗ

ರಂಗಭೂಮಿಯ ಆಚೆ, ಬರೀ ಗಾಯನವನ್ನೇ ಜನರ ಬಳಿಗೆ ಒಯ್ದವರು ವಿಷ್ಣು ದಿಗಂಬರ ಪಲುಸ್ಕರ್. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿ, ಮೀರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತ ಅವರು 1896ರಲ್ಲಿ ಸಂಸ್ಥಾನದ ಆಶ್ರಯ ಬಿಟ್ಟು ಹೊರಟರು. ಗಾಯಕನೆಂದರೆ ದೊರೆಯ ಊಳಿಗದವನೆಂಬ ಭಾವನೆಯಿದ್ದ ಆ ಕಾಲದಲ್ಲಿ ಅವರು ಸೌರಾಷ್ಟ್ರದ ಸಂಚಾರದಲ್ಲಿ ಟಿಕೆಟ್ ಇಟ್ಟು ಸಾರ್ವಜನಿಕ ಗಾಯನ ನಡೆಸಿದರು. 1901ರ ಮೇ 5ರಂದು ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯ ಸ್ಥಾಪಿಸಿದರು. ಮುಂಬಯಿಯಲ್ಲಿ ಕಟ್ಟಿದ ವಿದ್ಯಾಲಯದ ಕಟ್ಟಡ ಸಾಲದಲ್ಲಿ ಕೈಬಿಟ್ಟ ಮೇಲೆ ಅವರು ನಾಸಿಕ್‌ಗೆ ಬಂದು ಪಂಚವಟಿಯಲ್ಲಿ ರಾಮನಾಮ ಆಧಾರ ಆಶ್ರಮ ನಡೆಸಿದರು. ಅಲ್ಲಿ ತುಲಸೀ ರಾಮಾಯಣದ ಪ್ರವಚನ, ಭಜನೆ, ಪಾಠ ಒಟ್ಟಿಗೆ ಸಾಗಿದವು. 1931ರ ಆಗಸ್ಟ್‌ನಲ್ಲಿ ಮೀರಜಿನಲ್ಲಿ ತೀರಿಕೊಂಡರು.

ವಿಷ್ಣು ದಿಗಂಬರರು ಕಲಾವಂತರನ್ನು ಮಾತ್ರ ತಯಾರಿಸಿ ಸುಮ್ಮನಾಗಲಿಲ್ಲ. ಕೇಳುಗರನ್ನು ತಯಾರಿಸುವುದೂ ಅಷ್ಟೇ ಮುಖ್ಯವೆಂದು ತಿಳಿದರು. ಮನೆತನಸ್ಥರ ಮಕ್ಕಳು ಹಾರ್ಮೋನಿಯಂ ಮುಂದೆ ಕೂತು ನಾಲ್ಕು ರಾಗ ಕಲಿತರೆ ನಾಳೆಯ ಸಭೆ ಸಿದ್ಧವಾಗುತ್ತದೆ. ಭಕ್ತಿಪದಗಳಿಗೆ ರಾಗ ಕೂಡಿಸಿ ಹಾಡಿದರೆ ಪದ ಗೊತ್ತಿದ್ದವರಿಗೆ ರಾಗವೂ ಹತ್ತಿರವಾಗುತ್ತದೆ.

ಅವರ ಮಗ ದತ್ತಾತ್ರೇಯ ವಿಷ್ಣು ಪಲುಸ್ಕರ್ 1921ರ ಮೇ 28ರಂದು ನಾಸಿಕ್‌ನಲ್ಲಿ ಹುಟ್ಟಿದರು. ಹತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಅವರು ವಿನಾಯಕರಾವ್ ಪಟವರ್ಧನ್ ಮತ್ತು ನಾರಾಯಣರಾವ್ ವ್ಯಾಸರಲ್ಲಿ ಬೆಳೆದರು. ವಿನಾಯಕರಾವ್ ಸ್ವತಃ ಗಂಧರ್ವ ನಾಟಕ ಮಂಡಳಿಯಲ್ಲಿ ವರ್ಷಗಟ್ಟಲೆ ಪಾತ್ರ ಮಾಡಿದ್ದವರು. 14ರ ಹರೆಯದಲ್ಲಿ ಜಲಂಧರದ ಹರವಲ್ಲಭ ಸಮ್ಮೇಳನದಲ್ಲಿ ಹಾಡಿದ ಡಿ.ವಿ. ಪಲುಸ್ಕರ್ ಬಹು ಬೇಗ ಅಖಿಲ ಭಾರತದ ಗಾಯಕರಾದರು. ಅವರ ಗಾಯನದಲ್ಲಿ ತಿಳಿಯಾದ ಉಚ್ಚಾರ, ಚೊಕ್ಕ ಸ್ವರ, ಎಲ್ಲಿ ನಿಲ್ಲಿಸಬೇಕೆಂಬ ಅರಿವು ಕೂಡಿದ್ದವು. ಒಂದು ರಾಗವನ್ನು ಮಿತವಾದ ಹೊತ್ತಿನಲ್ಲಿ ಪೂರ್ಣವಾಗಿ ತೋರಿಸಿ, ಕೊನೆಗೆ ಭಜನೆ ಹಾಡಿ ಮುಗಿಸುವ ಅವರ ಕಚೇರಿಯಿಂದ ಪಂಡಿತರೂ ತೃಪ್ತರಾಗಿ ಏಳುತ್ತಿದ್ದರು, ಪಾಮರರೂ ಏಳುತ್ತಿದ್ದರು.

1952ರಲ್ಲಿ ವಿಜಯ್ ಭಟ್ಟರ ‘ಬೈಜು ಬಾವ್ರಾ’ ಬಂತು. ತಾನ್‌ಸೇನ್ ಮತ್ತು ಬೈಜು ಅಕ್ಬರನ ಎದುರು ಪೈಪೋಟಿಗೆ ಕೂತು ಹಾಡುವ ದೃಶ್ಯವೇ ಆ ಚಿತ್ರದ ಶಿಖರ. ತಾನ್‌ಸೇನನಿಗೆ ಉಸ್ತಾದ್ ಅಮೀರ್ ಖಾನ್, ಬೈಜುವಿಗೆ ಡಿ.ವಿ. ಪಲುಸ್ಕರ್ ಕಂಠ ಕೊಟ್ಟರು. ಸಂಗೀತ ನೌಷಾದರದು, ರಾಗ ದೇಸಿ. ಖಯಾಲಿನ ಆಲಾಪ, ತಾನ್, ಸವಾಲು ಜವಾಬುಗಳೇ ಅಲ್ಲಿ ಕಥೆಯ ರೋಮಾಂಚನ. ಯಾರು ಗೆಲ್ಲುತ್ತಾರೆಂದು ಉಸಿರು ಹಿಡಿದು ಕೂತ ಪ್ರೇಕ್ಷಕನಿಗೆ ತಾನು ಶಾಸ್ತ್ರೀಯ ಸಂಗೀತ ಕೇಳುತ್ತಿದ್ದೇನೆಂಬ ಅಳುಕು ಇರಲಿಲ್ಲ. ಆ ಚಿತ್ರ ದೇಶದ ತುಂಬ ಗೆದ್ದಿತು. ಮೂರು ವರ್ಷದ ನಂತರ, 1955ರ ಅಕ್ಟೋಬರ್‌ನಲ್ಲಿ, 34ನೆಯ ವಯಸ್ಸಿಗೇ ಪಲುಸ್ಕರ್ ತೀರಿಕೊಂಡರು.

ಗ್ರಾಮಫೋನ್ ತಟ್ಟೆಯೂ ಇದೇ ಪಾಠ ಹೇಳುತ್ತದೆ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಆ ಮಿತಿಯೊಳಗೆ ರಾಗದ ಮುಖ ತೋರಿಸುವ ಶಿಸ್ತನ್ನು ಗಾಯಕರು ಕಲಿತರು. ಗದುಗಿನಲ್ಲಿ ಬೆಳೆಯುತ್ತಿದ್ದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ, ಹಾಗೆ ಹಾಡಲು ಕಲಿಯಬೇಕೆಂದು ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಮೂರು ನಿಮಿಷದ ಹಾಡಿಗೂ ಅಷ್ಟು ಸೆಳೆತವಿತ್ತು.

ನಾಸಿಕ್‌ನ ಇಬ್ಬರು ನಾಟಕಕಾರರು

1960ರ ದಶಕದಲ್ಲಿ ಸಂಗೀತ ನಾಟಕಕ್ಕೆ ಮರುಜೀವ ಬಂತು. ಅದರಲ್ಲಿ ನಾಸಿಕ್‌ನ ಇಬ್ಬರು ಲೇಖಕರ ಪಾಲು ಹಿರಿದು. ಅಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಸಂತ ಕಾನೇಟ್ಕರ್ 1964ರಲ್ಲಿ ‘ಮತ್ಸ್ಯಗಂಧಾ’ ಬರೆದರು. ಕುಸುಮಾಗ್ರಜ ಎಂಬ ಕಾವ್ಯನಾಮದ ವಿ.ವಾ. ಶಿರ್ವಾಡ್ಕರ್, ಮುಂದೆ ಜ್ಞಾನಪೀಠ ಪಡೆದವರು, 1966ರಲ್ಲಿ ‘ಯಯಾತಿ ಆಣಿ ದೇವಯಾನಿ’ ಬರೆದರು. ಎರಡಕ್ಕೂ ಸಂಗೀತ ಗೋವೆಯ ಮಂಗೇಶಿಯ ಪಂಡಿತ ಜಿತೇಂದ್ರ ಅಭಿಷೇಕಿ ಅವರದು. ಯಯಾತಿಯ ಕಥೆಯನ್ನು 1961ರಲ್ಲೇ ಗಿರೀಶ ಕಾರ್ನಾಡರು ಕನ್ನಡದಲ್ಲಿ ಗದ್ಯನಾಟಕವಾಗಿಸಿದ್ದರು. ಮರಾಠಿಯಲ್ಲಿ ಅದೇ ಕಥೆ ರಾಗಗಳನ್ನು ಬೇಡಿತು.

ಹಾಡು ಕಥೆಯನ್ನು ನುಂಗಿದ ಹಿಂದಿನ ತಪ್ಪನ್ನು ಅಭಿಷೇಕಿ ಚೆನ್ನಾಗಿ ಬಲ್ಲವರು. ‘ಶಾಕುಂತಲ’ದಲ್ಲಿ ಇನ್ನೂರರ ಹತ್ತಿರವಿದ್ದ ಪದಗಳು ಖಾಡಿಲ್ಕರರ ಕಾಲಕ್ಕೆ ಐವತ್ತರ ಹತ್ತಿರಕ್ಕೆ ಇಳಿದಿದ್ದವು. ಅಭಿಷೇಕಿ ಅವನ್ನು ಕೆಲವಕ್ಕೇ ಮಿತಗೊಳಿಸಿದರು. ಪಾತ್ರದ ಸ್ವಭಾವ ಮತ್ತು ಸನ್ನಿವೇಶದ ಭಾವ ನೋಡಿ ರಾಗ ಆರಿಸಿದರು. ಗೋವೆಯ ಭಜನೆಯ, ಜಾನಪದದ ಗಂಧವನ್ನೂ ಬೆರೆಸಿದರು. ಹಾಡು ಚಿಕ್ಕದಾಯಿತು, ರಾಗ ತೆಳುವಾಗಲಿಲ್ಲ. ಕಥೆ ನಿಲ್ಲದೆ ಮುಂದೆ ಸಾಗಿತು.

1967ರ ಪುರುಷೋತ್ತಮ ದಾರ್ವ್ಹೇಕರರ ‘ಕಟ್ಯಾರ್ ಕಾಳಜಾತ್ ಘುಸಲಿ’ಗೂ ಸಂಗೀತ ಅವರದೇ. ಎರಡು ಘರಾಣೆಗಳ ಗಾಯಕರ ಹಟವೇ ಆ ನಾಟಕದ ಕಥಾವಸ್ತು. ಖಾನ್‌ಸಾಹೇಬರ ಪಾತ್ರದಲ್ಲಿ ಡಾ. ವಸಂತರಾವ್ ದೇಶಪಾಂಡೆ ಹಾಡಿ ಮೆರೆದರು. ಎರಡು ಗಾಯನ ಶೈಲಿಗಳ ಭೇದ ಸಂಗೀತ ಶಾಲೆಯಲ್ಲಿ ಕಷ್ಟದ ಪಾಠ. ಇಲ್ಲಿ ಅದು ಎರಡು ಪಾತ್ರಗಳ ಜಗಳವಾಗಿ ಎಲ್ಲರಿಗೂ ಅರ್ಥವಾಯಿತು. 2015ರಲ್ಲಿ ಸುಬೋಧ ಭಾವೆ ಇದನ್ನು ಸಿನಿಮಾ ಮಾಡಿದಾಗ, ಅರ್ಧ ಶತಮಾನದ ಹಿಂದಿನ ಆ ರಾಗಗಳು ಹೊಸ ತಲೆಮಾರನ್ನು ಚಿತ್ರಮಂದಿರಕ್ಕೆ ಕರೆತಂದವು. ಅದರಲ್ಲಿ ಹಾಡಿದ ಮಹೇಶ್ ಕಾಳೆಗೆ ರಾಷ್ಟ್ರಪ್ರಶಸ್ತಿ ಬಂತು.

ರಂಜನೆಯ ಮೂರು ಆಧಾರಗಳು

ಈ ಎಲ್ಲ ನಿದರ್ಶನಗಳನ್ನು ಕೂಡಿಸಿ ನೋಡಿದರೆ ಶಾಸ್ತ್ರೀಯ ಗಾಯನದ ರಂಜನೆಗೆ ಮೂರು ಆಧಾರಗಳು ಕಾಣುತ್ತವೆ. ಮೊದಲನೆಯದು ಮಾತು. ಹಾಡಿನ ಪದ, ಅದರ ಹಿಂದಿನ ಸನ್ನಿವೇಶ ಕೇಳುಗನಿಗೆ ತಿಳಿಯಬೇಕು. ಕೀರ್ತನಕಾರ ಅದನ್ನು ಆಖ್ಯಾನದಿಂದ, ಕಿರ್ಲೋಸ್ಕರ್ ನಾಟಕದಿಂದ ಒದಗಿಸಿದರು. ಆಪೆರಾದವರು ಇದಕ್ಕೆ ಹೊಸ ಉಪಾಯ ಕಂಡುಕೊಂಡರು: 1983ರಲ್ಲಿ ಟೊರಾಂಟೋದ ಕೆನಡಿಯನ್ ಆಪೆರಾ ಕಂಪನಿ ‘ಎಲೆಕ್ಟ್ರಾ’ದ ಪ್ರದರ್ಶನದಲ್ಲಿ ಹಾಡಿನ ಅನುವಾದವನ್ನು ರಂಗದ ಮೇಲ್ಗಡೆ ಸಾಲುಸಾಲಾಗಿ ತೋರಿಸಿತು. ಆ ಪದ್ಧತಿ ಲೋಕದ ತುಂಬ ಹಬ್ಬಿತು. ಖಯಾಲಿನ ಬ್ರಜ್ ಭಾಷೆಯ ಸಾಹಿತ್ಯದ ಅರ್ಥವನ್ನು ಹಾಡುವ ಮೊದಲು ಎರಡು ಮಾತಿನಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿದರೆ ಗಾಯನದ ಘನತೆಗೆ ಕುಂದಿಲ್ಲ.

ಎರಡನೆಯದು ಅಳತೆ. ಡಿ.ವಿ. ಪಲುಸ್ಕರರ ಕಚೇರಿ, ಅಭಿಷೇಕಿಯವರ ನಾಟ್ಯಗೀತೆ ಗೆದ್ದದ್ದು ಮಿತದಿಂದ. ಮಂಡಳಿಗಳ ನಾಟಕ ಸೋತದ್ದು ಮಿತಿ ಮೀರಿ. ಚಿಕ್ಕದಾಗಿ ಹಾಡುವುದೆಂದರೆ ಸರಳಗೊಳಿಸುವುದೆಂದಲ್ಲ. ರಾಗದ ಜೀವಸ್ವರಗಳನ್ನು ಬಿಡದೆ ಮಾತಾಡಬೇಕಾದಷ್ಟೇ ಮಾತಾಡುವುದು.

ಮೂರನೆಯದು ಸಭೆ. ಎಷ್ಟು ಜನ, ಎಷ್ಟು ಹತ್ತಿರ, ಯಾವ ಹೊತ್ತು ಎಂಬುದರ ಮೇಲೆ ಗಾಯನದ ಫಲ ನಿಂತಿದೆ. ಐವತ್ತು ಮಂದಿಯ ಬೈಠಕ್‌ನಲ್ಲಿ ಗಾಯಕನ ಉಸಿರೂ ಕೇಳುತ್ತದೆ. ಸಂಭಾಜಿನಗರದ ಸೋನೇರಿ ಮಹಲಿನ ಅಂಗಳದಲ್ಲಿ ವೇರೂಳ (ಎಲ್ಲೋರ) ಅಜಿಂಠಾ ಮಹೋತ್ಸವದ ಸಾವಿರಾರು ಜನರ ಮುಂದೆ ಅದೇ ರಾಗಕ್ಕೆ ಬೇರೆ ಚೌಕಟ್ಟು ಬೇಕು. ಸಂದರ್ಭಕ್ಕೆ ತಕ್ಕ ಗಾಯನ, ಗಾಯನಕ್ಕೆ ತಕ್ಕ ಸಂದರ್ಭ ಎರಡನ್ನೂ ಸಂಘಟಕರು ಯೋಚಿಸಬೇಕು. ಶಾಲೆಯ ಮಕ್ಕಳಿಗೆ ತಾಳ ಹಾಕಿ ಸಮ್ ಗುರುತಿಸುವುದನ್ನು ಕಲಿಸಿದರೆ ಮುಂದಿನ ಸಭೆ ತಾನಾಗಿ ಬೆಳೆಯುತ್ತದೆ. ವಿಷ್ಣು ದಿಗಂಬರರ ಕೆಲಸ ಇನ್ನೂ ಮುಗಿದಿಲ್ಲ.

ಶಾಸ್ತ್ರೀಯ ಗಾಯನ ರಂಜಿಸಬಲ್ಲದೇ ಎಂಬ ಪ್ರಶ್ನೆಗೆ ಚರಿತ್ರೆ ಹೌದೆಂದು ಉತ್ತರಿಸುತ್ತದೆ, ಹೌದೆನ್ನುವುದರ ಜೊತೆಗೆ ಹೊಣೆಯನ್ನೂ ಹೊರಿಸುತ್ತದೆ. ಪದ ತಿಳಿಯುವಂತೆ, ಅಳತೆ ತಪ್ಪದಂತೆ, ಸಭೆಯನ್ನು ಕಣ್ಣು ತೆರೆದು ನೋಡುತ್ತ ಹಾಡುವುದು ಗಾಯಕನ ಹೊಣೆ. ಮುಖಡಾ ಮರಳಿ ಬರುವವರೆಗೆ ತಾಳ್ಮೆಯಿಂದ ಕೂರುವುದು ಕೇಳುಗನ ಹೊಣೆ. ಇಬ್ಬರೂ ತಮ್ಮ ಪಾಲಿನದನ್ನು ಮಾಡಿದಲ್ಲೆಲ್ಲ, ದೇವಗಿರಿಯ ಆಸ್ಥಾನದಲ್ಲಾಗಲಿ ನಾಸಿಕ್‌ನ ನಾಟಕಗೃಹದಲ್ಲಾಗಲಿ, ಶಾಸ್ತ್ರಕ್ಕೂ ಸಂತೋಷಕ್ಕೂ ಜಗಳವಾದದ್ದಿಲ್ಲ.